ಜನವರಿಯ ನೆರಳು

ಗಲ್ಫಿನ ದುಖಾನ್ ಊರಿನ ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯ ಇಂಜಿನಿಯರು. ನಡುವಿನ ಅಂಗಳದಲ್ಲೊಂದು ಹಳೆಯ ಬೇವಿನ ಮರ, ಅದರ ಆಚೀಚೆ ನಮ್ಮಿಬ್ಬರ ಕಾರು. ಮರಕ್ಕೆ ತಾವೇ ಡಾಕ್ಟರೆಂದು ಅವರ ನಂಬಿಕೆ. ನೀರು ಬಿಟ್ಟ ದಿನವೂ, ಬಿಡಲು ಮರೆತ ದಿನವೂ ಕಾಂಡವನ್ನು ಎಮ್ಮೆಯ ಬೆನ್ನಿನಂತೆ ತಟ್ಟಿ ಒಂದೇ ಮಾತು: "ಮರಕ್ಕೆ ಒಳ್ಳೇದು ಮಾರಾಯ್ರೆ."

ಒಂದು ಜನವರಿಯ ಒಣ ಚಳಿಯಲ್ಲಿ ಮಂಕಿ ಕ್ಯಾಪ್ ತೊಟ್ಟು, ಗರಗಸ ಹಿಡಿದು ಬಂದರು. ಆ ಓರೆ ಬಿಸಿಲಿಗೆ ನನ್ನ ಕಾರಿನ ಮೇಲಿನ ಕೊಂಬೆಗಳ ನೆರಳು ಅವರ ಕಾರಿನ ಮೇಲೆ ಬೀಳುತ್ತಿತ್ತು. ಅವರ ಕಾರಿನ ಮೇಲಿನವುಗಳ ನೆರಳು ಕಾಂಪೌಂಡಿನಾಚೆಯ ರಸ್ತೆಗೆ.

"ಇವು ದಂಡ. ಬರೀ ಹಕ್ಕಿ ಹಿಕ್ಕೆ" ಎಂದು ತಮ್ಮ ಕಡೆಯ ಕೊಂಬೆಗಳನ್ನೆಲ್ಲ ಬೋಳಿಸಿದರು. ನನ್ನ ಕಡೆಯ ಒಂದೆಲೆಯನ್ನೂ ಮುಟ್ಟಲಿಲ್ಲ. "ಖಲಾಸ್! ಇನ್ನು ಬೇಸಿಗೆಗೆ ನನ್ನ ಕಾರು ಆರಾಮ."

ಜೂನಿನಲ್ಲಿ ಸೂರ್ಯ ನೆತ್ತಿಗೇರಿದ. ನನ್ನ ಕೊಂಬೆಗಳ ನೆರಳು ನೆಟ್ಟಗೆ ನನ್ನ ಕಾರಿನ ಮೇಲೆಯೇ ಇಳಿಯಿತು. ಅವರ ಕಾರಿನೊಳಗಿದ್ದ ಭಜನೆಯ ಸೀಡಿಗಳು ಹಪ್ಪಳದಂತೆ ಸೊಟ್ಟಗಾದವು.

ಮಧ್ಯಾಹ್ನ ಡ್ಯೂಟಿಗೆ ಹೊರಟವರು, ಹೆಂಡತಿ ಇಡ್ಲಿ ಪಾತ್ರೆ ಇಳಿಸುವ ಮಸಿಬಟ್ಟೆಯಲ್ಲಿ ಸ್ಟಿಯರಿಂಗ್ ಹಿಡಿದು ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಿಟಕಿ ಇಳಿಸಿ ಅಂದರು:

"ಮರಕ್ಕೆ ಒಳ್ಳೇದಾಯ್ತಲ್ಲ ಮಾರಾಯ್ರೆ."