ಕುಡುಕನಿಗ್ಯಾಕೆ ರಕ್ತಪರೀಕ್ಷೆ?

ಖಾನಾಪುರ ಕಡೆಯ ಪರಶುರಾಮ ಹೆಂಡತಿಯ ಜೊತೆ ಬೆಳಗಾವಿಯ ನಮ್ಮ ಆಸ್ಪತ್ರೆಗೆ ಬಂದಾಗ ಅವನ ಹೊಟ್ಟೆಯಲ್ಲಿ ನೀರು ತುಂಬಿತ್ತು. ನಮ್ಮ ಹಿರಿಯ ಡಾಕ್ಟರು ದೂರದಿಂದಲೇ ನೋಡಿ, "ಕುಡುಕರ ಲಿವರ್. ನೀರು ತೆಗದು ಮನಿಗೆ ಕಳಸ್ರಿ" ಎಂದರು.

"ಕುಡಿಯೂದು ಬಿಟ್ಟು ಎರಡ ವರ್ಷ ಆತ್ರೀ," ಎಂದಳು ಹೆಂಡತಿ. "ಯಾರೂ ನಂಬವಲ್ರು."

ಹಿರಿಯರು ನಕ್ಕುಬಿಟ್ಟರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಕುಡಿದು ಲಿವರ್ ಕೆಡಿಸಿಕೊಂಡವನಿಗೆ ಬೇರೆ ಕಾಯಿಲೆ ಬರಬಾರದೆಂಬ ಕಾನೂನಿದೆಯೇ? ಸೋತ ಲಿವರನ್ನು ವೈರಸ್ ಇನ್ನೂ ಬೇಗ ತಿನ್ನುತ್ತದೆ. ನಾನು ರಕ್ತಪರೀಕ್ಷೆಗೆ ಬರೆದೆ.

"ಕುಡುಕಗ ಅದೆಲ್ಲಾ ಯಾಕ್ರಿ?" ಎಂದರು ಅವರು.

ಲಿವರಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಅವನು ಮೊದಲು ತಿರುಗಿದ ಆಸ್ಪತ್ರೆಗಳಲ್ಲೆಲ್ಲ ಅವನ ಬಾಯಿ ಮೂಸಿ ನೋಡಿದ್ದರು, ರಕ್ತ ನೋಡಿರಲಿಲ್ಲ.

ಪರಶುರಾಮ ಕೇಳಿದ, "ಅಂದ್ರ ಎಲ್ಲಾ ನಂದ ತಪ್ಪಲ್ಲೇನ್ರೀ?"

"ಕುಡಿದದ್ದರದೂ ಐತಿ, ವೈರಸ್ಸಿಂದೂ ಐತಿ. ವೈರಸ್ಸಿಗೆ ಗುಳಿಗಿ ಅದಾವ," ಎಂದೆ.

ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಳಿಗೆ ಮುಗಿದು ಕೆಲವು ತಿಂಗಳಿಗೆ ಪರೀಕ್ಷಿಸಿದಾಗ ವೈರಸ್ ಇರಲಿಲ್ಲ. ಹೊಟ್ಟೆಯೂ ಇಳಿದಿತ್ತು. ರಿಪೋರ್ಟನ್ನು ಹಿರಿಯರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ನನಗೇ ಬುದ್ಧಿ ಹೇಳುವವರಂತೆ ಅಂದರು:

"ನೋಡ್ರಿ, ಕುಡಿಯೂದು ಬಿಟ್ಟ, ಆರಾಮಾದ."