ಆರೂ ನಲವತ್ತರ ಬಸ್ಸಿನ ಟೀಚರ್

ಗಂಡನ ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ನಿಖಿತಾ ಕಡಬದಲ್ಲಿ ಆರೂ ನಲವತ್ತರ ಬಸ್ಸು ಹತ್ತುತ್ತಾಳೆ. ಹಿಂದಿನ ಸೀಟುಗಳಲ್ಲಿದ್ದ ಗೇರುಬೀಜ ಕಾರ್ಖಾನೆಯ ಹದಿನಾಲ್ಕು ಹೆಂಗಸರು ಸರಿದು ಅವಳಿಗೆ ಜಾಗ ಮಾಡುತ್ತಾರೆ.

"ಇವತ್ತೇ ಬರಬೇಕಿತ್ತಾ ಮಗಳೇ?" ಎಲ್ಲರಿಗಿಂತ ಹಿರಿಯರಾದ ಬೀಫಾತುಮ್ಮ ಕೇಳುತ್ತಾರೆ.

"ಇವತ್ತೇ ಅಲ್ವಾ ಪರೀಕ್ಷೆ?" ಅವಳು ಚೀಲದಿಂದ ದಪ್ಪ ಪುಸ್ತಕ ತೆಗೆಯುತ್ತಾಳೆ. ಬಸ್ಸಿಗೆ ಜೀವ ಬರುತ್ತದೆ.

ಇಂಗ್ಲಿಷ್ ಎಂ.ಎ. ಮಾಡಿದ ನಿಖಿತಾಳಿಗೆ ಪುತ್ತೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಬಸ್ಸಿನ ಪಾಠಕ್ಕೆ ಸಂಬಳವಿಲ್ಲ. ಕಾರ್ಖಾನೆಗೆ ಬೀಜ ವಿಂಗಡಿಸುವ ಹೊಸ ಯಂತ್ರ ಬಂದಿದೆ. ಅದರ ಮೇಲೆಲ್ಲ ಇಂಗ್ಲಿಷ್. ಇವತ್ತು ಹತ್ತು ಗಂಟೆಗೆ ನಡೆಸಿ ತೋರಿಸಿದರೆ ಕೆಲಸ ಇವರಿಗೇ, ಇಲ್ಲದಿದ್ದರೆ ಹೊರಗಿನವರಿಗೆ. ಅಲ್ಲಿ ಇಲೆಕ್ಟ್ರಿಷಿಯನ್ ಆಗಿದ್ದ ಗಂಡ ಮೋಕ್ಷಿತ್ ಆ ದಪ್ಪ ಪುಸ್ತಕವನ್ನು, ಯಂತ್ರದ ಕೈಪಿಡಿಯನ್ನು, ಮ್ಯಾನೇಜರರಿಂದ ಕೇಳಿ ತಂದು ಅವಳಿಗೆ ಕೊಟ್ಟಿದ್ದ. ಅದರಿಂದ ದಿನಕ್ಕೆ ಒಂದೇ ಪದ ಬಸ್ಸಿನಲ್ಲಿ ಬರೆದು ಕಲಿಸುತ್ತಾಳೆ. ಇಪ್ಪತ್ತಾರು ಆಗಿವೆ. ಉಳಿದದ್ದು 'ಎನೇಬಲ್'.

ಕಳೆದ ತಿಂಗಳು ಮೊದಲ ಸಲ ಯಂತ್ರ ನಡೆಸಿ ನೋಡಿದಾಗ ಎಡವಿದ್ದೂ ಅಲ್ಲೇ. ಬೀಫಾತುಮ್ಮ ಆ ಗುಂಡಿ ಒತ್ತಿ ಕಾದರು. ಯಂತ್ರ ಓಡಲಿಲ್ಲ. ಮತ್ತೊಮ್ಮೆ ಒತ್ತಿದರೆ, ಹತ್ತಿದ್ದ ದೀಪವೂ ಆರಿತು.

"ಮಿಷನಿಗೆ ಸಲಾಂ ಹೊಡೆದು ನಿಂತದ್ದಲ್ವಾ ಮಾರಾಯ್ರೆ!" ಸತ್ಯವತಿ ಛೇಡಿಸುತ್ತಾಳೆ.

"ನೀನು ಅದಕ್ಕೆ ಕೈ ಮುಗಿದದ್ದು ನಾನು ನೋಡ್ಲಿಲ್ವಾ?" ಬೀಫಾತುಮ್ಮ ಬಿಡುವುದಿಲ್ಲ.

"ಅದು ಓಡಿಸುವ ಗುಂಡಿ ಅಲ್ಲ," ನಿಖಿತಾ ಹೇಳುತ್ತಾಳೆ. "ಓಡ್ಲಿಕ್ಕೆ ಆಗುವ ಹಾಗೆ ಮಾಡುದು. ಓಡಿಸ್ಲಿಕ್ಕೆ 'ಸ್ಟಾರ್ಟ್' ಬೇರೆ ಉಂಟು."

ಯಾರಿಗೂ ಅರ್ಥವಾಗುವುದಿಲ್ಲ. ಸವಣೂರು ದಾಟುವಾಗ ಬೀಫಾತುಮ್ಮ ಸೀಟಿನಿಂದ ಎದ್ದೇ ಬಿಡುತ್ತಾರೆ. "ಟೀಚರೇ! ನಾವು ಬೀಜ ಬೇಯಿಸುದು ಎಂತಕ್ಕೆ? ಬೇಯಿಸಿದ್ರೆ ಅದು ತಾನೇ ಒಡೀತದಾ? ಒಡೀಲಿಕ್ಕೆ ಬರುವ ಹಾಗೆ ಆಗ್ತದೆ. ಒಡೆಯುದು ಮತ್ತೆ ನಮ್ಮ ಕೈ!"

"ಅದೇ! ಅದೇ!" ಎಷ್ಟೋ ದಿನಗಳ ನಂತರ ನಿಖಿತಾಳ ದನಿ ಏರುತ್ತದೆ. ಬಸ್ಸಿಡೀ ಗಲಗಲ.

ಹತ್ತು ಗಂಟೆ. ಅಂಗಡಿಯಿಂದ ಅರ್ಧ ಗಂಟೆ ಬಿಡುವು ಕೇಳಿ ಬಂದ ನಿಖಿತಾ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದಾಳೆ. ಬೀಫಾತುಮ್ಮ ಎನೇಬಲ್ ಒತ್ತುತ್ತಾರೆ, ಹಸಿರು ದೀಪ ನೋಡುತ್ತಾರೆ, ಕಾಯದೆ ಸ್ಟಾರ್ಟ್ ಒತ್ತುತ್ತಾರೆ. ಬೀಜ ಹರಿಯುತ್ತದೆ, ಬಿಳಿಯದು ಒಂದು ಕಡೆ, ಕಲೆ ಬಿದ್ದದ್ದು ಇನ್ನೊಂದು ಕಡೆ. ಹೆಂಗಸರ ಬೊಬ್ಬೆಗೆ ಯಂತ್ರದ ಸದ್ದೇ ಕೇಳುವುದಿಲ್ಲ.

"ನಾಳೆಯಿಂದ ನೀವೇ ನೋಡ್ಕೊಳ್ಳಿ," ಮ್ಯಾನೇಜರ್ ಹೇಳುತ್ತಾರೆ.

ನಿಖಿತಾ ಕೈಪಿಡಿಯನ್ನು ಅವರ ಮೇಜಿನ ಮೇಲಿಡುತ್ತಾಳೆ. "ನಮ್ಮವರು ಎರಡು ದಿನಕ್ಕೆ ಅಂತ ತಂದದ್ದು ಸರ್. ತಡ ಆಯ್ತು."

"ಇರ್ಲಿ ಅಮ್ಮ, ಇಟ್ಕೊಳ್ಳಿ."

"ಬೇಡ ಸರ್. ಅವರು ಎಂತಕ್ಕೆ ತಂದ್ರೋ, ಅದು ಆಯ್ತು."