ಸಣ್ಣ ಗಂಟು ಮೊದಲು

ಅಜ್ಜನ ರೆಪ್ಪೆಗೂದಲು ಸದಾ ಬೆಳ್ಳಗಿರುತ್ತಿದ್ದವು. ಹಿಟ್ಟಿನಿಂದಲೋ ವಯಸ್ಸಿನಿಂದಲೋ, ಈಗ ಆಣೆ ಮಾಡಿ ಹೇಳಲಾರೆ. ಅಂಗಿ ಖಾಕಿ ಎಂದು ನೆನಪು, ಅದೂ ತಪ್ಪಿರಬಹುದು. ಆದರೆ ಗಿರಣಿಯ ಬಾಯಿಂದ ಸುರಿಯುವ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ ಕಲ್ಲನ್ನು ಬಿಗಿ ಮಾಡುತ್ತಿದ್ದುದು ಖಂಡಿತ.

ಕುಕನೂರಿನಲ್ಲಿ ನಮ್ಮ ಕಾಕಾರ ಗಿರಣಿ ನಡೆಸುತ್ತಿದ್ದವನು ಆತ. ನಮಗೆ ಬಂಧುವಲ್ಲ, ಊರಿಗೆಲ್ಲ ಗಿರಣಿ ಅಜ್ಜ. ಸಂಜೆ ಯಾರೇ ಮೊದಲು ಬಂದಿರಲಿ, ಆತ ಸಣ್ಣ ಗಂಟನ್ನೇ ಮೊದಲು ಬೀಸುತ್ತಿದ್ದ. ಕೂಲಿ ಮುಗಿಸಿದ ಹೆಂಗಸರು ಅಂದಿನ ಊಟಕ್ಕೆಂದು ಒಂದು ಸೇರು ಜೋಳ ಕಟ್ಟಿಕೊಂಡು ಬರುತ್ತಿದ್ದರು. ದೊಡ್ಡ ಚೀಲ ತಂದವರು ಗೊಣಗಿದರೆ, "ನಿಮ್ಮ ಮನ್ಯಾಗ ನಿನ್ನಿ ಹಿಟ್ಟು ಐತ್ರಿ. ಈಕಿ ಮನ್ಯಾಗ ಬರೇ ಒಲಿ ಐತಿ" ಎನ್ನುತ್ತಿದ್ದ.

ನಾನಾಗ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೆ. ಪ್ರಾಜೆಕ್ಟಿಗೆ ಆ ಗಿರಣಿಯನ್ನೇ ಆರಿಸಿಕೊಂಡೆ. ಸಣ್ಣ ಗಂಟಿನಿಂದ ಕರೆಂಟು, ಹೊತ್ತು ಎರಡೂ ಪೋಲು, ದೊಡ್ಡ ಚೀಲ ಮಾತ್ರ ಬೀಸಿದರೆ ದಕ್ಷತೆ ಹೆಚ್ಚುತ್ತದೆ ಎಂದು ಬರೆದೆ. ಅದನ್ನೋದಿದ ಕಾಕಾ, ಐದು ಕಿಲೋಗಿಂತ ಕಡಿಮೆ ಬೀಸುವುದಿಲ್ಲವೆಂದು ಬೋರ್ಡು ಹಾಕಿಸಿದರು. ವಾರದ ಮೇಲೆ ಹೋಗಿ ವಿಚಾರಿಸಿದರೆ ಸಣ್ಣ ಗಂಟು ಒಂದೂ ಬೀಸಿರಲಿಲ್ಲ. ಸಣ್ಣ ಪ್ರಮಾಣಕ್ಕೆ ಬೇಡಿಕೆಯೇ ಇಲ್ಲ ಎಂದು ಗೀಚಿಕೊಂಡೆ. ಈ ಮೂರ್ಖತನಕ್ಕೆ ಆಮೇಲೆ ಒಳ್ಳೆಯ ಅಂಕವೂ ಬಂತು.

ಅಂದು ಗೀಚುವುದನ್ನು ನೋಡಿ, ಏನು ಬರೆದೆ ಎಂದು ಅಜ್ಜ ಕೇಳಿದ. ಓದಿ ಹೇಳಿದೆ.

"ನಿನ್ನಿ ಹನ್ನೊಂದು ಮಂದಿ ಬೋರ್ಡು ನೋಡಿ ಹೊಳ್ಳಿ ಹೋದ್ರು. ನಿನ್ನ ಹಾಳ್ಯಾಗ ಅವರು ಎಲ್ಲಿ ಅದಾರವ್ವ, ತೋರ್ಸು."

ಕೊಳ್ಳುವ ಶಕ್ತಿ ಇದ್ದರಷ್ಟೇ ಅದು ಬೇಡಿಕೆ ಎಂದು ಪುಸ್ತಕದ ಮಾತು ಒಪ್ಪಿಸಿದೆ.

"ಹಂಗಾರ ಅವರಿಗೆ ಹಸಿವಾಗಿದ್ದು ಸುಳ್ಳೇನು?"

ಯಾರಿಗೆಷ್ಟು ಸಿಗಬೇಕೆಂದು ಹೇಳುವ ಸಮತೆಯ ಅಧ್ಯಾಯವನ್ನು ನಾನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ.

ಒಂದು ಸಂಜೆ ಕಾಕಾ ಇಲ್ಲದಾಗ ಅಜ್ಜ ಒಬ್ಬಾಕೆಯ ಗಂಟು ಬೀಸಿಕೊಟ್ಟ. ಮರುದಿನವೇ ಕಾಕಾ ಅವನನ್ನು ಕೆಲಸದಿಂದ ತೆಗೆದರು. "ನಮ್ಮ ಹುಡುಗಿ ಯುನಿವರ್ಸಿಟ್ಯಾಗ ಕಲ್ತು ಬರದಾಳ. ನೀ ಯಾವ ಸಾಲಿ ಕಲ್ತಿಯೋ ಮುದುಕಾ?" ಎಂದರು. ನಾನು ಅಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಕಾಕಾರ ಮೇಲೆ ಎಷ್ಟು ಸಿಟ್ಟಿದೆಯೋ ಆ ನನ್ನ ಬಾಯಿಯ ಮೇಲೂ ಅಷ್ಟೇ ಇದೆ.

ಹೋದ ವರ್ಷ ಅಜ್ಜ ತೀರಿಕೊಂಡ. ಮಣ್ಣಿಗೆ ಕಾಕಾ ಬರಲಿಲ್ಲ. ಗಿರಣಿ ಅಂದೂ ಓಡುತ್ತಿತ್ತು. ಮಣ್ಣು ಮುಗಿಸಿ ನೆಟ್ಟಗೆ ಅಲ್ಲಿಗೇ ಹೋದೆ.

"ಕಾಕಾ, ಅಜ್ಜನ್ನ ತೆಗೀಬೇಕಂತ ನೀವು ಮೊದ್ಲ ಅನ್ಕೊಂಡಿದ್ರೋ, ನಾ ಬರದದ್ದು ಓದಿ ತೆಗದ್ರೋ?"

ಗದ್ದಲದಲ್ಲಿ ಕೇಳಿಸುತ್ತಿಲ್ಲ ಎಂಬಂತೆ ಕೈಯಾಡಿಸಿದರು. ನಾನೇ ಮೋಟರು ಬಂದ್ ಮಾಡಿ ಮತ್ತೆ ಕೇಳಿದೆ. ಕಾಕಾ ಇವತ್ತಿಗೂ ಹೇಳಿಲ್ಲ.